ಗಿಡ ಬಾಡಿತೇ? ಔಷಧಿ ತರುವ ಮುಂಚೆ ಇದನ್ನು ನೋಡಿ: ಮುಂಬೈ ಬಾಲ್ಕನಿ ತರಕಾರಿಗೆ ದೋಷ ನಿವಾರಣೆ ಕೈಪಿಡಿ

ಮುಂಬೈ ಫ್ಲ್ಯಾಟಿನ ಗ್ರಿಲ್ಲಿನಲ್ಲಿ ನಾಲ್ಕು ಮೆಣಸಿನ ಗಿಡ, ಎರಡು ಟೊಮೇಟೊ, ಒಂದು ಬಸಳೆ ಬಳ್ಳಿ ಇಟ್ಟುಕೊಂಡವರ ದುಡ್ಡು ಬೀಜಕ್ಕೆ ಹೋಗುವುದಿಲ್ಲ, ಕುಂಡಕ್ಕೂ ಅಷ್ಟಾಗಿ ಹೋಗುವುದಿಲ್ಲ. ಹೋಗುವುದು ತಪ್ಪು ಔಷಧಿಗೆ. ಎಲೆ ಹಳದಿಯಾಯಿತು ಅಂತ ಗೊಬ್ಬರ, ಮುದುಡಿತು ಅಂತ ಕೀಟನಾಶಕ, ಹೂ ಉದುರಿತು ಅಂತ ಯಾವುದೋ ಟಾನಿಕ್. ಆ ಮೂರು ಬಾಟಲಿಯ ದುಡ್ಡಿಗೆ ಮನೆಗೆ ವಾರದ ತರಕಾರಿ ಬರುತ್ತದೆ, ಅಲ್ವಾ?

ಇಲ್ಲಿಯ ಬಾಲ್ಕನಿ ಗಿಡಗಳ ಹೆಚ್ಚಿನ ತೊಂದರೆ ನೀರಿನದು, ಇಲ್ಲವೇ ಬಿಸಿಲಿನದು. ಹುಳ, ರೋಗ ಆಮೇಲೆ ಬರುತ್ತವೆ, ಸೋತ ಗಿಡ ಹುಡುಕಿಕೊಂಡು. ನೀರು, ಬಿಸಿಲು ಸರಿಯಿದೆಯಾ ಅಂತ ನೋಡುವುದಕ್ಕೆ ಒಂದು ಪೈಸೆ ಬೇಡ. ಅದಕ್ಕೇ ಇಲ್ಲಿ ಖರ್ಚಿಲ್ಲದ ಪರೀಕ್ಷೆ ಮೊದಲು, ಖರ್ಚಿನ ಮದ್ದು ಕೊನೆಗೆ.

ಮೊದಲು ಬೆರಳು, ಆಮೇಲೆ ಎಲೆಯ ಬೆನ್ನು

ತೊಂದರೆ ಏನೇ ಇರಲಿ, ಈ ಪರೀಕ್ಷೆಗಳನ್ನು ಬಿಡಬೇಡಿ.

ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ಮೇಲೆ ಒಣಗಿ ಕಂಡರೂ ಒಳಗೆ ತೇವ ಇರಬಹುದು. ಆಮೇಲೆ ಕುಂಡವನ್ನು ಸ್ವಲ್ಪ ಎತ್ತಿ ನೋಡಿ. ನೀರು ಹಾಕಿದ ಮೇಲೆ ಒಮ್ಮೆ, ಎರಡು ದಿನ ಬಿಟ್ಟು ಒಮ್ಮೆ ಎತ್ತಿದರೆ ಭಾರದ ಅಂದಾಜು ಕೈಗೇ ಸಿಗುತ್ತದೆ. ತಳದ ತೂತಿಗೆ ಒಂದು ಕಡ್ಡಿ ಹಾಕಿ. ಕಡ್ಡಿ ಒಳಗೆ ಹೋಗದಿದ್ದರೆ ತೂತು ಬೇರಿನಿಂದಲೋ ಮಣ್ಣಿನಿಂದಲೋ ಮುಚ್ಚಿದೆ.

ಈಗ ಎಲೆ ತಿರುಗಿಸಿ. ಹುಳ ಇರುವುದು ಬೆನ್ನಿನಲ್ಲಿ. ಫೋನಿನ ಕ್ಯಾಮೆರಾ ಝೂಮ್ ಮಾಡಿ ಫೋಟೋ ತೆಗೆದರೆ ಬರಿಗಣ್ಣಿಗೆ ಕಾಣದ್ದೂ ಕಾಣುತ್ತದೆ. ಕುಡಿಯ ಕೆಳಗೆ ಒಂದು ಬಿಳಿ ಹಾಳೆ ಹಿಡಿದು ಮೆಲ್ಲಗೆ ತಟ್ಟಿ. ಹಾಳೆಯ ಮೇಲೆ ಸಣ್ಣ ಗೀಟಿನಂಥದ್ದು ಓಡಾಡಿದರೆ ಥ್ರಿಪ್ಸ್, ಅಂದರೆ ಎಲೆಯ ರಸ ಹೀರುವ ಪುಟ್ಟ ಕೀಟ. ಚುಕ್ಕೆಯಂಥದ್ದು ನಿಧಾನ ಹರಿದರೆ ನುಸಿ. ಗಿಡದ ಮೇಲೆ ಇರುವೆ ಸಾಲು ಹೊರಟಿದ್ದರೆ ಇರುವೆಯನ್ನು ಬಿಟ್ಟು ಅದು ಹೋಗುವ ಜಾಗ ನೋಡಿ. ಅಲ್ಲಿ ಗಿಡದ ಹೇನೋ, ಬಿಳಿ ಹಿಟ್ಟಿನಂತೆ ಅಂಟಿಕೊಂಡಿರುವ ಹಿಟ್ಟು ತಿಗಣೆಯೋ ಇರುತ್ತದೆ. ಅವು ಸುರಿಸುವ ಸಿಹಿ ಅಂಟಿಗೆ ಇರುವೆ ಬರುತ್ತದೆ.

ಗಿಡ ಜೋತು ಬಿದ್ದಿದೆ

ಬಾಡಿದ ಗಿಡ ಕಂಡ ಕೂಡಲೇ ನೀರು ಹಾಕುವುದು ನಮ್ಮೆಲ್ಲರ ಅಭ್ಯಾಸ. ಮಣ್ಣು ಒಣಗಿದ್ದರೆ ಅದು ಸರಿ. ಒದ್ದೆ ಇದ್ದರೆ ಅದೇ ಗಿಡಕ್ಕೆ ಕೊನೆಯ ಪೆಟ್ಟು. ಬೇರಿಗೆ ಗಾಳಿ ಸಿಗದೆ ಅದು ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯುವುದಿಲ್ಲ. ನೀರಿನಲ್ಲೇ ನಿಂತು ಗಿಡ ಬಾಡುತ್ತದೆ.

ಅನುಮಾನ ಇದ್ದರೆ ಗಿಡವನ್ನು ಹೊರಗೆ ತೆಗೆದೇ ನೋಡಿ. ಬುಡವನ್ನು ಎರಡು ಬೆರಳ ನಡುವೆ ಹಿಡಿದು, ಕುಂಡ ತಲೆಕೆಳಗು ಮಾಡಿ, ಅಂಚನ್ನು ಕಟ್ಟೆಗೆ ಮೆಲ್ಲಗೆ ಕುಟ್ಟಿದರೆ ಮಣ್ಣಿನ ಮುದ್ದೆ ಇಡಿಯಾಗಿ ಜಾರಿ ಬರುತ್ತದೆ. ಒಳ್ಳೆಯ ಬೇರು ಬಿಳಿ ಅಥವಾ ತೆಳು ಕಂದು, ಎಳೆದರೆ ಗಟ್ಟಿ. ಮಣ್ಣಿನ ವಾಸನೆ ಬರುತ್ತದೆ. ಕೊಳೆತ ಬೇರು ಕಪ್ಪಾಗಿ ಮೆತ್ತಗಿರುತ್ತದೆ. ಉಗುರಿನಿಂದ ಎಳೆದರೆ ಮೇಲಿನ ಸಿಪ್ಪೆ ಕೊಳವೆಯಂತೆ ಕಳಚಿ ಬಂದು ಒಳಗಿನ ಬಿಳಿ ದಾರ ಮಾತ್ರ ಉಳಿಯುತ್ತದೆ. ವಾಸನೆ ಗಟಾರದ್ದು. ಅರ್ಧದಷ್ಟಾದರೂ ಬಿಳಿ ಬೇರು ಉಳಿದಿದ್ದರೆ ಕಪ್ಪು ಬೇರು ಕತ್ತರಿಸಿ, ಮೇಲಿನ ಎಲೆಯನ್ನೂ ಮೂರರಲ್ಲಿ ಒಂದು ಪಾಲು ಕಡಿಮೆ ಮಾಡಿ, ಹೊಸ ಸಡಿಲ ಮಣ್ಣಿಗೆ ಹಾಕಿ ನೆರಳಿನಲ್ಲಿಡಿ. ಬೇರೆಲ್ಲ ಕಪ್ಪಾಗಿದ್ದರೆ ಬಿಟ್ಟುಬಿಡಿ.

ಕಾರಣ ಹೆಚ್ಚಾಗಿ ಮಣ್ಣಿನದೇ. ನರ್ಸರಿಯವರು ಚೀಲದಲ್ಲಿ ಕೊಡುವ ‘ಲಾಲ್ ಮಾತಿ’ ಕುಂಡದಲ್ಲಿ ಹಾಗೇ ತುಂಬಿಸಿದರೆ ಎರಡು ತಿಂಗಳಿಗೆ ಇಟ್ಟಿಗೆಯಾಗುತ್ತದೆ. ಒಂದು ಪಾಲು ಆ ಕೆಂಪು ಮಣ್ಣು, ಒಂದು ಪಾಲು ಕಾಂಪೋಸ್ಟ್, ಒಂದು ಪಾಲು ತೆಂಗಿನ ನಾರಿನ ಪುಡಿ, ಅಂದರೆ ಕೊಕೊಪೀಟ್. ಹೀಗೆ ಬೆರೆಸಿದರೆ ಕುಂಡ ಹಗುರವೂ ಆಗುತ್ತದೆ. ಗ್ರಿಲ್ಲಿನಲ್ಲಿ ಇಡುವವರಿಗೆ ಇದು ಸಣ್ಣ ವಿಷಯ ಅಲ್ಲ. ಹತ್ತು ಲೀಟರಿನ ಪೇಂಟ್ ಡಬ್ಬದ ತುಂಬ ಒದ್ದೆ ಕೆಂಪು ಮಣ್ಣು ಅಂದರೆ ಸುಮಾರು 15 ಕೆ.ಜಿ. ತುಕ್ಕು ಹಿಡಿದ ಗ್ರಿಲ್ಲಿಗೆ ಅಂಥ ಐದಾರು ಡಬ್ಬ ಹೇರಿದರೆ ಕೆಳಗೆ ಓಡಾಡುವವರ ತಲೆಗೆ ಅಪಾಯ.

ಕೊಕೊಪೀಟಿನದೂ ಒಂದು ಚೇಷ್ಟೆ ಇದೆ. ಪೂರ್ತಿ ಒಣಗಿಬಿಟ್ಟರೆ ಅದು ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಾಕಿದ ನೀರು ಕುಂಡದ ಗೋಡೆಗುಂಟ ಇಳಿದು ಕೆಳಗಿನಿಂದ ಸುರಿದುಹೋಗುತ್ತದೆ. ನೀರು ಹೊರಗೆ ಬಂತಲ್ಲ ಅಂತ ನಾವು ಸುಮ್ನೆ ಆಗುತ್ತೇವೆ, ನಡುವಿನ ಬೇರು ಒಣಗಿಯೇ ಇರುತ್ತದೆ. ಎತ್ತಿ ನೋಡಿ, ಹಗುರ ಇದ್ದರೆ ಕುಂಡವನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಇಡಿ.

ತಳದಲ್ಲಿ ಜಲ್ಲಿ, ಹಂಚಿನ ಚೂರು ಹಾಕಿದರೆ ನೀರು ಚೆನ್ನಾಗಿ ಇಳಿಯುತ್ತದೆ ಅನ್ನುವುದನ್ನು ಎಲ್ಲರೂ ಹೇಳುತ್ತಾರೆ. ಇಳಿಯುವುದಿಲ್ಲ. ನುಣುಪು ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ದಾಟುವುದಿಲ್ಲ, ಜಲ್ಲಿಯ ಮೇಲೇ ನಿಲ್ಲುತ್ತದೆ. ಅಷ್ಟು ಜಾಗವೂ ಬೇರಿಗೆ ಕಡಿಮೆಯಾಯಿತು. ತೂತಿಗೆ ಒಂದು ತುಂಡು ಸೊಳ್ಳೆಪರದೆ ಬಟ್ಟೆ ಸಾಕು.

ಜನವರಿಯಲ್ಲಿ ಕಾಯಿ ಬಿಟ್ಟದ್ದು ಮೇ ತಿಂಗಳಲ್ಲಿ ಸೊರಗಿದೆ

ಇದು ಬಹಳ ಜನರಿಗೆ ಹೊಳೆಯದ ದೋಷ. ಕುಂಡ ಅದೇ, ಜಾಗ ಅದೇ, ನೀರು ಅದೇ. ಆದರೂ ಕಾಂಡ ತೆಳ್ಳಗೆ ಉದ್ದವಾಗಿ ಹೊರಗಡೆ ವಾಲುತ್ತದೆ, ಎಲೆ ದೂರ ದೂರ, ಹೂ ಇಲ್ಲ. ಗೊಬ್ಬರ ಹಾಕಿದರೆ ಇನ್ನೂ ಉದ್ದವಾಗುತ್ತದೆ.

ಬದಲಾದದ್ದು ಸೂರ್ಯ. ಮುಂಬೈ 19 ಡಿಗ್ರಿ ಅಕ್ಷಾಂಶದಲ್ಲಿದೆ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ದಕ್ಷಿಣದ ಬಾಲ್ಕನಿಗೆ ಆಗ ಬಿಸಿಲು ಒಳಗಿನ ಗೋಡೆಯವರೆಗೂ ಬರುತ್ತದೆ. ಮೇ ಮಧ್ಯದಲ್ಲಿ ಒಮ್ಮೆ, ಜುಲೈ ಕೊನೆಯ ವಾರದಲ್ಲಿ ಒಮ್ಮೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ನಡುವಿನ ದಿನಗಳಲ್ಲಿ ಸ್ವಲ್ಪ ಉತ್ತರಕ್ಕೇ ಹೋಗಿರುತ್ತಾನೆ. ಆಗ ಮೇಲಿನ ಮನೆಯ ಸ್ಲ್ಯಾಬ್ ನಿಮ್ಮ ದಕ್ಷಿಣದ ಬಾಲ್ಕನಿಗೆ ಛತ್ರಿ. ಹೊರಗೆ ಬೆಂಕಿಯಂಥ ಬಿಸಿಲು, ಗಿಡಕ್ಕೆ ಮಾತ್ರ ನೆರಳು. ಉತ್ತರದ ಕಿಟಕಿಯವರಿಗೆ ವರ್ಷದಲ್ಲಿ ನೇರ ಬಿಸಿಲು ಸಿಗುವುದೂ ಆ ಕಾಲದಲ್ಲೇ.

ಪರೀಕ್ಷೆ ಸುಲಭ. ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ ಹನ್ನೆರಡು, ಮೂರು ಗಂಟೆಗೆ ಕುಂಡದ ಮೇಲೆ ಅಂಗೈ ಹಿಡಿಯಿರಿ. ಬೆರಳುಗಳ ನೆರಳು ಸ್ಪಷ್ಟವಾಗಿ ಬಿದ್ದರೆ ನೇರ ಬಿಸಿಲು. ಮಬ್ಬು ನೆರಳಾದರೆ ಬರಿ ಬೆಳಕು. ಟೊಮೇಟೊ, ಮೆಣಸು, ಬದನೆ, ಬೆಂಡೆಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಹರಿವೆ, ಬಸಳೆ, ಮೆಂತ್ಯ, ಪುದೀನ ಮೂರು ಗಂಟೆಯಲ್ಲೂ ನಡೆದುಕೊಂಡು ಹೋಗುತ್ತವೆ. ಎರಡು ಗಂಟೆಯೂ ಇಲ್ಲದ ಕಿಟಕಿಯಲ್ಲಿ ಟೊಮೇಟೊ ಬೆಳೆಸುತ್ತೇನೆ ಅನ್ನುವವರಿಗೆ ಯಾವ ಗೊಬ್ಬರವೂ ಸಹಾಯ ಮಾಡುವುದಿಲ್ಲ. ಎದುರಿಗೆ ಹೊಸ ಟವರ್ ಎದ್ದಿದ್ದರಂತೂ ಸೊಪ್ಪಿಗೆ ಬದಲಾಯಿಸಿಕೊಳ್ಳುವುದೇ ಜಾಣತನ.

ಎಲೆ ಹಳದಿ

ಯಾವ ಎಲೆ ಹಳದಿ ಅನ್ನುವುದು ಮುಖ್ಯ, ಎಷ್ಟು ಹಳದಿ ಅನ್ನುವುದಲ್ಲ.

ಕೆಳಗಿನ ಹಳೆಯ ಎಲೆಗಳು ಒಂದೇ ಸಮ ಮಾಸಿ ಹಳದಿಯಾದರೆ ಸಾರಜನಕ ಕಡಿಮೆ. ಗಿಡ ಹಳೆ ಎಲೆಯಿಂದ ಅದನ್ನು ತೆಗೆದು ಕುಡಿಗೆ ಕಳಿಸುತ್ತದೆ, ಅದಕ್ಕೇ ಕೆಳಗಿನಿಂದ ಶುರು. ಹಳೆ ಎಲೆಯಲ್ಲೇ ನರ ಹಸಿರಾಗಿ ಉಳಿದು ನಡುವೆ ಮಾತ್ರ ಹಳದಿಯಾದರೆ ಮೆಗ್ನೀಷಿಯಂ. ಮೇಲಿನ ಎಳೆ ಎಲೆ ಹಳದಿ, ನರ ಹಸಿರು ಅಂದರೆ ಕಬ್ಬಿಣ ಸಿಗುತ್ತಿಲ್ಲ. ಮಣ್ಣಲ್ಲಿ ಕಬ್ಬಿಣ ಇರುತ್ತದೆ, ಬೇರಿಗೆ ಎಳೆದುಕೊಳ್ಳಲು ಆಗುತ್ತಿರುವುದಿಲ್ಲ. ನೀರು ಜಾಸ್ತಿಯಾದರೂ ಹೀಗಾಗುತ್ತದೆ, ನೀರು ಗಡುಸಾದರೂ ಆಗುತ್ತದೆ.

ನಲ್ಲಿಯಲ್ಲಿ ಬರುವ ಮುಂಬೈ ನೀರು ತಾನ್ಸಾ, ವೈತರಣಾ, ಭಾತ್ಸಾ ಕಡೆಯ ಕೆರೆ, ಜಲಾಶಯಗಳದು. ಮೆದು ನೀರು, ಗಿಡಕ್ಕೆ ಒಗ್ಗುತ್ತದೆ. ಟ್ಯಾಂಕರ್ ಅಥವಾ ಬೋರ್‌ವೆಲ್ ನೀರು ಬಳಸುವ ಸೊಸೈಟಿಗಳಲ್ಲಿ ಕುಂಡದ ಅಂಚಿನಲ್ಲಿ, ಮಣ್ಣಿನ ಮೇಲೆ ಬಿಳಿ ಪದರ ಕಟ್ಟುತ್ತದೆ, ಎಲೆ ತುದಿ ಸುಡುತ್ತದೆ. ಅದು ಉಪ್ಪು. ಬಿಳಿ ಪದರ ಕೆರೆದು ತೆಗೆದು, ನಲ್ಲಿ ನೀರನ್ನು ಕುಂಡದ ಅಳತೆಯ ಎರಡು ಮೂರರಷ್ಟು ನಿಧಾನ ಸುರಿದು ಕೆಳಗಿನಿಂದ ಹರಿಸಿಬಿಡಿ. ಅಕ್ಕಿ, ಬೇಳೆ ತೊಳೆದ ನೀರು ನಲ್ಲಿಯದೇ ಆದರೆ ಅದನ್ನೂ ಹಾಕಬಹುದು. ಉಪ್ಪು ಹಾಕಿ ಬೇಯಿಸಿದ ನೀರು ಬೇಡ.

ಸಾರಜನಕ ಕಡಿಮೆಯಾದದ್ದು ನಿಜ ಅಂತ ಗೊತ್ತಾದರೆ ಶೇಂಗಾ ಹಿಂಡಿಯಷ್ಟು ಅಗ್ಗದ ಮದ್ದು ಇನ್ನೊಂದಿಲ್ಲ. ಒಂದು ಮುಷ್ಟಿಯನ್ನು ಒಂದು ಲೀಟರ್ ನೀರಲ್ಲಿ ಮೂರು ನಾಲ್ಕು ದಿನ ನೆನೆಸಿ, ಹತ್ತು ಪಾಲು ನೀರು ಬೆರೆಸಿ ಹದಿನೈದು ದಿನಕ್ಕೊಮ್ಮೆ ಹಾಕಿ. ನಾತ ಬಹಳ. ಮುಚ್ಚಳ ಹಾಕಿಡಿ, ಇಲ್ಲದಿದ್ದರೆ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ನಿಮ್ಮದೇ ಮಾತು. ಚಹಾ ಚರಟ ಹಾಕುವವರು ಹಾಲು ಸಕ್ಕರೆ ಹೋಗುವ ಹಾಗೆ ತೊಳೆದು ಒಣಗಿಸಿ ಹಾಕಿ. ಹಸಿಯಾಗಿ ಸುರಿದರೆ ಬೂಸ್ಟು, ಇರುವೆ, ಮಣ್ಣಿನ ಮೇಲೆ ಹಾರಾಡುವ ಸಣ್ಣ ಕಪ್ಪು ನೊಣ ಎಲ್ಲ ಒಟ್ಟಿಗೆ ಬರುತ್ತವೆ. ಆ ನೊಣ ಕಂಡರೆ ಮೇಲ್ಮಣ್ಣು ಒಂದಿಂಚು ಒಣಗುವವರೆಗೆ ನೀರು ನಿಲ್ಲಿಸಿ, ಅಷ್ಟೇ.

ಬೆಂಡೆಯದು ಬೇರೆ ಕಥೆ. ಅದರಲ್ಲಿ ನರವೇ ಹಳದಿಯಾಗಿ ಬಲೆಯಂತೆ ಕಂಡರೆ ಅದು ಹಳದಿ ನಂಜು ರೋಗ. ಬಿಳಿನೊಣ ಹರಡುವ ವೈರಸ್. ಮದ್ದಿಲ್ಲ. ಆ ಗಿಡ ಕೀಳಿ, ಉಳಿದದ್ದನ್ನು ಉಳಿಸಿಕೊಳ್ಳಿ. ಮುಂದಿನ ಸಲ ಬೀಜ ಕೊಳ್ಳುವಾಗ ಪರಭಣಿ ಕ್ರಾಂತಿ ಅಥವಾ ಅರ್ಕಾ ಅನಾಮಿಕಾ ಕೇಳಿ. ಒಂದು ಮಹಾರಾಷ್ಟ್ರದ ಪರಭಣಿ ಕೃಷಿ ವಿಶ್ವವಿದ್ಯಾಲಯದ್ದು, ಇನ್ನೊಂದು ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯದು. ಎರಡೂ ಈ ರೋಗವನ್ನು ತಡೆದುಕೊಳ್ಳಲಿ ಅಂತಲೇ ಬೆಳೆಸಿದ ತಳಿ. ಪೂರ್ತಿ ತಡೆಯುತ್ತವೆ ಅಂತ ನಂಬಬೇಡಿ, ಆದರೂ ಹೆಸರಿಲ್ಲದ ಬೀಜಕ್ಕಿಂತ ಮೇಲು.

ಮೆಣಸಿನ ಎಲೆ ಮುದುಡಿದೆ

ಎಲೆ ಮೇಲಕ್ಕೆ ದೋಣಿಯ ಹಾಗೆ ಮಡಚಿದ್ದರೆ ಥ್ರಿಪ್ಸ್. ಕೆಳಕ್ಕೆ ಮಗುಚಿ ಉದ್ದವಾಗಿದ್ದರೆ ನುಸಿ. ಎಲೆ ಸಣ್ಣದಾಗಿ ಸುಕ್ಕುಗಟ್ಟಿ, ಗಿಡ ಗಿಡ್ಡವಾಗಿ, ಕುಡಿಯೆಲ್ಲ ಗೊಂಚಲಾಗಿ ಬಿಳಿನೊಣವೂ ಕಂಡರೆ ವೈರಸ್. ಮೂರಕ್ಕೂ ಒಂದೇ ಬಾಟಲಿ ಕೊಡುವ ಅಂಗಡಿಯವರ ಮಾತು ಕೇಳಬೇಡಿ.

ನಮ್ಮ ಪಕ್ಕದ ವಿಂಗಿನಲ್ಲಿ ಕುಂದಾಪುರ ಕಡೆಯ ಅಕ್ಕ ಒಬ್ಬರಿದ್ದಾರೆ. ಅವರ ಮೆಣಸಿನ ಗಿಡಕ್ಕೆ ಬೇವಿನೆಣ್ಣೆ ಎಷ್ಟು ಹೊಡೆದರೂ ಇಳಿಯಲಿಲ್ಲ. ‘ಎಂತ ಮಾರಾಯ್ರೆ, ಎಣ್ಣೆ ಕುಡಿದು ಇನ್ನೂ ಮುದುಡ್ತಾ ಉಂಟು’ ಅಂದರು. ಹಾಳೆ ಹಿಡಿದು ತಟ್ಟಿದಾಗ ಏನೂ ಬೀಳಲಿಲ್ಲ. ಎಲೆ ಮಗುಚಿತ್ತು, ಬೆನ್ನು ಕಂಚಿನ ಬಣ್ಣ. ಈ ನುಸಿ ಬಹಳ ಸಣ್ಣದು, ಕುಡಿಯೊಳಗೇ ಇರುತ್ತದೆ. ಮೇಲಿನ ಎಲೆಗೆ ಹೊಡೆದ ಎಣ್ಣೆ ಅದಕ್ಕೆ ತಲುಪುವುದೇ ಇಲ್ಲ. ಕುಡಿಗಳನ್ನೆಲ್ಲ ಚಿವುಟಿ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ, ನೀರಲ್ಲಿ ಕರಗುವ ಗಂಧಕವನ್ನು ಲೀಟರಿಗೆ ಎರಡು ಗ್ರಾಂ ಹಾಕಿ ಎಲೆಯ ಬೆನ್ನಿಗೆ, ಕುಡಿಯ ಸಂದಿಗೆ ಹೊಡೆದ ಮೇಲೆ ಹೊಸ ಚಿಗುರು ಚಪ್ಪಟೆಯಾಗಿ ಬಂತು. ಬೇವಿನೆಣ್ಣೆ ಹೊಡೆದು ಎರಡು ವಾರ ಆಗದೆ ಗಂಧಕ ಹೊಡೆಯಬಾರದು, ಎಲೆ ಸುಡುತ್ತದೆ. ಉರಿಬಿಸಿಲಿನ ದಿನದಲ್ಲೂ ಬೇಡ.

ಥ್ರಿಪ್ಸ್, ಹೇನು, ಬಿಳಿನೊಣಕ್ಕೆ ಬೇವಿನೆಣ್ಣೆ ಸಾಕು. ಲೀಟರ್ ನೀರಿಗೆ 5 ಮಿ.ಲೀ. ಎಣ್ಣೆ. ಮೊದಲು ಎಣ್ಣೆಗೆ ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ ಆಮೇಲೆ ನೀರು ಹಾಕಿ, ಇಲ್ಲದಿದ್ದರೆ ಎಣ್ಣೆ ತೇಲುತ್ತದೆ. ಸಂಜೆ ಹೊಡೆಯಿರಿ. ಐದಾರು ದಿನ ಬಿಟ್ಟು ಮತ್ತೆ, ಹಾಗೆ ಮೂರು ಸಲ. ಒಂದೇ ಸಲಕ್ಕೆ ಮೊಟ್ಟೆ ಸಾಯುವುದಿಲ್ಲ. ಹಿಟ್ಟು ತಿಗಣೆ ಕಡಿಮೆ ಇದ್ದರೆ ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸೋಪು ನೀರಲ್ಲಿ ಅದ್ದಿ ತಿಕ್ಕಿ, ಎಣ್ಣೆಯೂ ಬೇಡ. ಎಲೆ ಮೇಲೆ ಬಿಳಿ ಗೆರೆ ಎಳೆದ ರಂಗೋಲಿ ಹುಳುವಿಗೂ ಏನೂ ಬೇಡ. ಗೆರೆಯ ಕೊನೆಯಲ್ಲಿ ಹುಳು ಇರುತ್ತದೆ, ಎಲೆ ಸಮೇತ ಹಿಸುಕಿಬಿಡಿ.

ಬದನೆಯ ಕುಡಿ ಮಾತ್ರ ಬಾಡಿ ಜೋತಿದ್ದು ಉಳಿದ ಗಿಡ ಚೆನ್ನಾಗಿದ್ದರೆ ಒಳಗೆ ಕೊರೆಯುವ ಹುಳು ಇದೆ. ಬಾಡಿದ ಜಾಗದಿಂದ ಒಂದಿಂಚು ಕೆಳಗೆ ಕತ್ತರಿಸಿ. ತಡ ಮಾಡಿದರೆ ಮುಂದೆ ಅದರ ಮರಿಗಳು ಕಾಯಿಗೇ ಹೋಗುತ್ತವೆ.

ಹೂ ಬಂತು, ಕಾಯಿ ಇಲ್ಲ

ಟೊಮೇಟೊ ಹೂ ಉದುರಿದರೆ ಮೊದಲು ತಿಂಗಳು ನೋಡಿ. ರಾತ್ರಿ 15ರಿಂದ 20 ಡಿಗ್ರಿ ಇದ್ದಾಗ ಟೊಮೇಟೊ ಚೆನ್ನಾಗಿ ಕಾಯಿ ಕಚ್ಚುತ್ತದೆ. ಮುಂಬೈಯ ಮೇ ರಾತ್ರಿಗಳು 27 ಡಿಗ್ರಿಯ ಆಸುಪಾಸು. ಆಗ ಪರಾಗವೇ ಕೆಲಸ ಮಾಡುವುದಿಲ್ಲ. ಜನವರಿ, ಫೆಬ್ರವರಿ ಹೊತ್ತಿಗೆ ಬೈಕುಲಾದ ರಾಣಿಬಾಗ್ ಉದ್ಯಾನದ ಹೂಗಿಡ ಪ್ರದರ್ಶನದಲ್ಲಿ ಕುಂಡದ ತುಂಬ ಟೊಮೇಟೊ ನೋಡಿ ಆಸೆಪಟ್ಟು, ಬರುವಾಗ ಸಸಿ ತಂದು ನೆಟ್ಟವರಿಗೆ ಏಪ್ರಿಲಿನಲ್ಲಿ ಬರಿ ಹೂ ಸಿಗುತ್ತದೆ. ಬೀಜ ಹಾಕಬೇಕಾದದ್ದು ಸೆಪ್ಟೆಂಬರ್ ಕೊನೆ, ಅಕ್ಟೋಬರ್. ಚಳಿ ಇದ್ದೂ ಹೂ ಉದುರಿದರೆ ಸಾರಜನಕ ಜಾಸ್ತಿಯಾಗಿದೆ, ಇಲ್ಲವೇ ಗಾಳಿ ಅಲುಗಾಟ ಇಲ್ಲ. ಬೆಳಿಗ್ಗೆ ಹೂಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ.

ಕಾಯಿಯ ತಳ ಕಪ್ಪಾಗಿ ಚರ್ಮದಂತಾದರೆ ಸುಣ್ಣದ ಅಂಶ ಕಾಯಿಗೆ ತಲುಪಿಲ್ಲ. ಮೊಟ್ಟೆ ಸಿಪ್ಪೆ ಪುಡಿ ಹಾಕುವುದರಿಂದ ಈ ಬೆಳೆಗೆ ಉಪಯೋಗ ಆಗುವುದಿಲ್ಲ, ಅದು ಕರಗಲು ತಿಂಗಳುಗಟ್ಟಲೆ ಬೇಕು. ಒಂದು ದಿನ ಒಣಗಿಸಿ ಇನ್ನೊಂದು ದಿನ ಮುಳುಗಿಸುವುದನ್ನು ಬಿಟ್ಟು ದಿನಾ ಒಂದೇ ಅಳತೆ ನೀರು ಕೊಟ್ಟರೆ ಮುಂದಿನ ಗೊಂಚಲು ಸರಿಯಾಗುತ್ತದೆ.

ಬಳ್ಳಿ ತರಕಾರಿಯಲ್ಲಿ ಮೊದಲ ವಾರಗಳ ಹೂ ಹೆಚ್ಚಾಗಿ ಗಂಡು. ಉದುರಲಿ ಬಿಡಿ. ಹೆಣ್ಣು ಹೂವಿನ ಬುಡದಲ್ಲಿ ಮರಿಕಾಯಿ ಇರುತ್ತದೆ. ಅದು ಹಳದಿಯಾಗಿ ಸುಕ್ಕುಗಟ್ಟಿ ಉದುರಿದರೆ ಪರಾಗ ಸಿಗಲಿಲ್ಲ. ಏಳನೇ ಮಹಡಿಗೆ ಜೇನು ಎಲ್ಲಿಂದ ಬರಬೇಕು? ಗಂಡು ಹೂ ಕಿತ್ತು, ದಳ ತೆಗೆದು, ಹೆಣ್ಣು ಹೂವಿನ ನಡುವಿಗೆ ಒರೆಸಿ. ಹಾಗಲ, ಸೌತೆಗೆ ಬೆಳಿಗ್ಗೆ. ಸೋರೆ, ಹೀರೆ ಹೂ ಅರಳುವುದೇ ಸಂಜೆ, ಬೆಳಿಗ್ಗೆ ಒರೆಸಿ ಪ್ರಯೋಜನ ಇಲ್ಲ. ಮರಿಕಾಯಿಯಲ್ಲಿ ಸೂಜಿ ಚುಚ್ಚಿದ ಗುರುತು, ಅಂಟು, ಒಳಗೆ ಹುಳ ಇದ್ದರೆ ಅದು ಹಣ್ಣುನೊಣ. ಕಾಯಿ ಬೆರಳಷ್ಟಾದ ಕೂಡಲೇ ಹಳೆ ಪತ್ರಿಕೆಯ ಚೀಲ ತೊಡಿಸಿ.

ಬೀಜ ಮೊಳೆಯಲೇ ಇಲ್ಲ

ಕೊತ್ತಂಬರಿ ಆದರೆ ಇಬ್ಭಾಗ ಮಾಡಿ ರಾತ್ರಿ ನೆನೆಸಿದಿರಾ? ಹತ್ತು ಹದಿನೈದು ದಿನ ಕಾದಿರಾ? ಬೇಸಿಗೆ ಅಲ್ಲ ತಾನೆ? ಮೆಂತ್ಯ ಅಡುಗೆಮನೆ ಡಬ್ಬದ್ದೇ ಸಾಕು, ನಾಲ್ಕು ದಿನದಲ್ಲಿ ಏಳುತ್ತದೆ. ಮೊಳೆತದ್ದು ಬೆಳಿಗ್ಗೆ ಮಾಯವಾಗಿದ್ದರೆ ಪಾರಿವಾಳ. ಹಳೆ ಸೊಳ್ಳೆಪರದೆ ಮುಚ್ಚಿ. ಸಸಿ ಬುಡದಲ್ಲಿ ತೆಳುವಾಗಿ ಮಲಗಿಬಿಟ್ಟರೆ ನೀರು ಜಾಸ್ತಿ, ಗಾಳಿ ಕಡಿಮೆ.

ಮಳೆಗಾಲದ ತಾಪತ್ರಯ

ಮುಂಬೈಗೆ ಜುಲೈ ಒಂದರಲ್ಲೇ ಸರಾಸರಿ 800 ಮಿ.ಮೀ.ಗಿಂತ ಜಾಸ್ತಿ ಮಳೆ. ತೆರೆದ ಕುಂಡದ ಗೊಬ್ಬರವೆಲ್ಲ ತೊಳೆದುಹೋಗುತ್ತದೆ. ಮಳೆ ಶುರುವಾಗುವ ಮುಂಚೆ ಗೊಬ್ಬರ ಸುರಿಯಬೇಡಿ, ಬಿಡುವು ಕೊಟ್ಟಾಗ ಒಂದೊಂದು ಮುಷ್ಟಿ ಕಾಂಪೋಸ್ಟ್ ಕೊಡಿ. ಕುಂಡದ ಕೆಳಗಿನ ತಟ್ಟೆ ತೆಗೆದಿಡಿ. ಡೆಂಗಿ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ವಾರ, ಹತ್ತು ದಿನ ಸಾಕು. ಪಾಲಿಕೆಯ ಕೀಟ ನಿಯಂತ್ರಣದವರು ಬಂದಾಗ ಮೊದಲು ನೋಡುವುದು ಇಂಥ ತಟ್ಟೆಗಳನ್ನೇ. ಕೆಳಗಿನವರ ಒಣಗಿದ ಬಟ್ಟೆ ಮೇಲೆ ನೀರು ತೊಟ್ಟಿಕ್ಕುತ್ತದೆ ಅನ್ನುವವರು ತಟ್ಟೆ ಇಟ್ಟು ದಿನಾ ಚೆಲ್ಲಬೇಕು, ಬೇರೆ ದಾರಿಯಿಲ್ಲ.

ಬಸಳೆ ಎಲೆಯಲ್ಲಿ ಕೆಂಪು ಅಂಚಿನ ಚುಕ್ಕೆ ಬಂದರೆ ಶಿಲೀಂಧ್ರ. ಆ ಎಲೆ ಚಿವುಟಿ, ಬಳ್ಳಿ ತೆಳುವು ಮಾಡಿ, ನೀರು ಬುಡಕ್ಕೆ ಮಾತ್ರ ಹಾಕಿ. ಗಿಡವೇ ಹಾಳಾದರೆ ಮಾಟುಂಗ ಮಾರ್ಕೆಟಿನಿಂದ ಒಂದು ಕಟ್ಟು ಬಸಳೆ ತಂದು, ಎಲೆ ಸಾರಿಗೆ ಹಾಕಿ, ದಂಟಿನ ಎರಡು ಗೆಣ್ಣು ಮಣ್ಣಿಗೆ ಚುಚ್ಚಿ. ನೀರು ನಿಲ್ಲುವ ಮೂಲೆಯಲ್ಲಿ ಕೆಸುವಿನ ಗೆಡ್ಡೆ ಹಾಕಿದರೆ ಆ ಮೂಲೆಯ ದೋಷವೇ ಅನುಕೂಲ. ಪತ್ರೊಡೆಗೆ ಎಲೆ ಮನೆಯದೇ.

ಕಿತ್ತ ಮೇಲೆ ಮಣ್ಣೇನು ಮಾಡುವುದು

ವೈರಸ್ ಬಂದ ಬೆಂಡೆ, ಮೆಣಸಿನ ಮಣ್ಣು ಬಿಸಾಡಬೇಕಿಲ್ಲ. ಆ ವೈರಸ್ ಬಿಳಿನೊಣದಿಂದ ಬರುವುದು, ಮಣ್ಣಲ್ಲಿ ಉಳಿಯುವುದಿಲ್ಲ. ಬೇರು ಕೊಳೆತ ಮಣ್ಣಾದರೆ ಏಪ್ರಿಲ್, ಮೇ ಬಿಸಿಲಿನಲ್ಲಿ ಒದ್ದೆ ಮಾಡಿ, ತೆಳು ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಸುತ್ತಿ ನಾಲ್ಕಾರು ವಾರ ಟೆರೇಸಿನಲ್ಲಿಡಿ. ಆಮೇಲೆ ಕಾಂಪೋಸ್ಟ್, ಒಂದು ಮುಷ್ಟಿ ಬೇವಿನ ಹಿಂಡಿ ಸೇರಿಸಿ ಮತ್ತೆ ಬಳಸಿ.

ಬೇರಲ್ಲಿ ಸಾಸಿವೆಯಿಂದ ಕಡಲೆಯಷ್ಟು ದಪ್ಪದ ಗಂಟು ಕಂಡರೆ ಮಾತ್ರ ಎಚ್ಚರ. ಅದು ಗಂಟುಬೇರು ಜಂತುಹುಳ, ಬೇರಿನೊಳಗೆ ಸೇರುವ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳ. ಅಲಸಂದೆ, ಮೆಂತ್ಯದ ಬೇರಲ್ಲೂ ಗಂಟು ಇರುತ್ತದೆ, ಆದರೆ ಅದು ಬದಿಗೆ ಅಂಟಿಕೊಂಡಿದ್ದು ಉಗುರು ತಾಗಿದರೆ ಉದುರುತ್ತದೆ, ಒಳಗೆ ಗುಲಾಬಿ ಬಣ್ಣ. ಅದು ಒಳ್ಳೆಯದು, ಸಾರಜನಕ ಹಿಡಿಯುವ ಗಂಟು. ಜಂತುಹುಳದ ಗಂಟು ಬೇರೇ ಊದಿಕೊಂಡದ್ದು, ಉದುರುವುದಿಲ್ಲ. ಅಂಥ ಮಣ್ಣಿನಲ್ಲಿ ಟೊಮೇಟೊ, ಬದನೆ, ಬೆಂಡೆ ಬೇಡ. ಒಂದು ಸೀಸನ್ ಚೆಂಡುಹೂ ಬೆಳೆಸಿ, ಜಂತುಹುಳ ಕಡಿಮೆಯಾಗುತ್ತದೆ. ಅದಕ್ಕೂ ಬೀಜ ಕೊಳ್ಳಬೇಡಿ. ದಸರೆಗೆ ಬಾಗಿಲಿಗೆ ಕಟ್ಟಿದ ಮಾಲೆಯನ್ನು ಒಣಗಿಸಿ ಉದುರಿಸಿದರೆ ಕೆಲವಾದರೂ ಮೊಳೆಯುತ್ತವೆ.